ಮೂರು ಆಯಾಮದ ರೇಖಾಗಣಿತ: ಸೂತ್ರ ಬರುತ್ತದೆ, ರೇಖೆ ಎಲ್ಲಿದೆ ಅಂತ ಕಾಣುತ್ತಿಲ್ಲ

ಠಾಣೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಠಾಣೆಯಲ್ಲಿ ಹನ್ನೆರಡನೇ ಸೈನ್ಸ್ ಓದುತ್ತಿದ್ದೇನೆ, ಮಹಾರಾಷ್ಟ್ರ ಸ್ಟೇಟ್ ಬೋರ್ಡ್. ಹತ್ತರವರೆಗೆ ಕನ್ನಡ ಮಾಧ್ಯಮ. ಕಾಲೇಜಿನಲ್ಲಿ ವೆಕ್ಟರ್ಸ್ ಮುಗಿದು ಈಗ ಲೈನ್ ಮತ್ತು ಪ್ಲೇನ್ ಪಾಠ ನಡೆಯುತ್ತಿದೆ. ಸೂತ್ರಕ್ಕೆ ಅಂಕಿ ಹಾಕಿ ಉತ್ತರ ತೆಗೆಯುತ್ತೇನೆ. ಆದರೆ ಆ ರೇಖೆ ಎಲ್ಲಿದೆ, ಆ ಸಮತಲ ಹೇಗೆ ನಿಂತಿದೆ ಅಂತ ಕಣ್ಣಿಗೆ ಕಟ್ಟುವುದಿಲ್ಲ. ಮೂರು ಸಂಶಯ ಇವೆ.

ಎಕ್ಸ್ + ವೈ = 5 ಅಂದರೆ ಹತ್ತನೇ ತರಗತಿಯಲ್ಲಿ ಸರಳರೇಖೆ. ಈಗ ಅದು ಸಮತಲ ಅಂತ ಹೇಳುತ್ತಾರೆ. ಸಮೀಕರಣ ಅದೇ ಅಲ್ವಾ, ಹೇಗೆ ಬದಲಾಯಿತು?

(3, 4, 12) ಬಿಂದು ಎಕ್ಸ್ ಅಕ್ಷದಿಂದ ಎಷ್ಟು ದೂರ? ನನ್ನ ಗೆಳತಿಯರು 3 ಅಂತಾರೆ. ಪುಸ್ತಕದ ಉತ್ತರ ಬೇರೆ.

ಸ್ಕ್ಯೂ ಲೈನ್‌ಗಳ (ಸಮಾಂತರವೂ ಅಲ್ಲದ, ಎಂದೂ ಸೇರದ ರೇಖೆಗಳ) ನಡುವಿನ ಕನಿಷ್ಠ ದೂರಕ್ಕೆ ಕ್ರಾಸ್ ಪ್ರಾಡಕ್ಟ್ ಯಾಕೆ ಬೇಕು? ಅದು ಎಲ್ಲಿಂದ ಬಂತು?

ವಡಾಲದ ಗಣಿತ ಮೇಷ್ಟ್ರು

ಒಳ್ಳೆಯ ಪ್ರಶ್ನೆಗಳು ಮಗಳೇ. ಮೊದಲ ಎರಡಕ್ಕೆ ಈಗಲೇ ಉತ್ತರ ಬರೆಯುತ್ತೇನೆ. ಮೂರನೆಯದಕ್ಕೆ ಸ್ವಲ್ಪ ಜಾಗ ಬೇಕು.

ಹಳೇ ಚಾಳಿನ ಎತ್ತರದ ಕೋಣೆ ಒಂದನ್ನು ಮನಸ್ಸಿಗೆ ತಂದುಕೋ. ಮೂಲೆಯಲ್ಲಿ ನೆಲ ಮತ್ತು ಎರಡು ಗೋಡೆ ಸೇರುವ ಜಾಗ ಮೂಲಬಿಂದು. ಅಲ್ಲಿಂದ ನೆಲದ ಮೇಲೆ ಒಂದು ಗೋಡೆಯ ಬುಡ ಎಕ್ಸ್ ಅಕ್ಷ, ಇನ್ನೊಂದು ಗೋಡೆಯ ಬುಡ ವೈ ಅಕ್ಷ, ಮೇಲಕ್ಕೆ ಹೋಗುವ ಮೂಲೆ ಝಡ್ ಅಕ್ಷ. (3, 4, 12) ಅಂದರೆ ಎಕ್ಸ್ ಉದ್ದಕ್ಕೆ 3 ಅಡಿ, ವೈ ಕಡೆಗೆ 4 ಅಡಿ, ಮೇಲಕ್ಕೆ 12 ಅಡಿ. ಅಲ್ಲೊಂದು ಬಲ್ಬು ನೇತಾಡುತ್ತಿದೆ ಅಂದುಕೋ.

ಬಲ್ಬಿನಿಂದ ಎಕ್ಸ್ ಅಕ್ಷಕ್ಕೆ, ಅಂದರೆ ಗೋಡೆಯ ಬುಡಕ್ಕೆ, ದಾರ ಎಳೆಯಬೇಕು. ದಾರ ಆದಷ್ಟು ಗಿಡ್ಡ ಇರಬೇಕು. ಬುಡದ ಉದ್ದಕ್ಕೂ ಎಲ್ಲಿ ಬೇಕಾದರೂ ದಾರ ಕಟ್ಟಬಹುದು, ಹಾಗಾಗಿ ಸರಿಯಾಗಿ 3 ಅಡಿಯ ಹತ್ತಿರವೇ ಕಟ್ಟುತ್ತೇವೆ. ಅಲ್ಲಿಗೆ ಎಕ್ಸ್ ಲೆಕ್ಕದಿಂದ ಹೊರಗೆ ಹೋಯಿತು. ಉಳಿದದ್ದು ಅಡ್ಡ 4, ಮೇಲೆ 12. ದೂರ ವರ್ಗಮೂಲ (16 + 144), ಅಂದರೆ ವರ್ಗಮೂಲ 160, ಸುಮಾರು 12.65. ಯಾವ ಅಕ್ಷದಿಂದ ದೂರ ಕೇಳುತ್ತಾರೋ ಆ ಅಕ್ಷದ ಅಂಕಿಯನ್ನು ಬಿಟ್ಟು ಉಳಿದ ಎರಡನ್ನು ಹಿಡಿಯಬೇಕು. ಝಡ್ ಅಕ್ಷದಿಂದ ಕೇಳಿದರೆ 3 ಮತ್ತು 4 ಸೇರಿ 5. ಮೂಲಬಿಂದುವಿನಿಂದ ಕೇಳಿದರೆ ಈ 5 ಮತ್ತು 12 ಸೇರಿ 13. ಪೈಥಾಗೊರಸ್ ಪ್ರಮೇಯ ಎರಡು ಸಲ ಬಂತು ಅಷ್ಟೇ. ದೂರದ ಸೂತ್ರ ಅಂದರೆ ಇದೇ.

ನಿನ್ನ ಗೆಳತಿಯರು ಹೇಳುವ 3 ಕೂಡ ಒಂದು ದೂರವೇ. ಅದು ವೈ-ಝಡ್ ಗೋಡೆಯಿಂದ ದೂರ. ಅಕ್ಷದಿಂದ ದೂರ ಮತ್ತು ಸಮತಲದಿಂದ ದೂರ, ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಈಗ ಎಕ್ಸ್ + ವೈ = 5. ಹತ್ತನೇ ತರಗತಿಯಲ್ಲಿ ಇದ್ದದ್ದು ನೆಲ ಮಾತ್ರ. ನೆಲದ ಮೇಲೆ ಅದೊಂದು ಗೆರೆ. ಈಗ ಎತ್ತರ ಬಂದಿದೆ. ಸಮೀಕರಣ ಎತ್ತರದ ಬಗ್ಗೆ ಏನೂ ಹೇಳಿಲ್ಲ. ಏನೂ ಹೇಳಿಲ್ಲ ಅಂದರೆ ಎತ್ತರ ಎಷ್ಟಾದರೂ ಇರಬಹುದು. (2, 3, 0) ಸರಿ, (2, 3, 7) ಕೂಡ ಸರಿ, (2, 3, -100) ಕೂಡ ಸರಿ. ನೆಲದ ಗೆರೆಯ ಮೇಲೂ ಕೆಳಗೂ ಗೋಡೆ ಎದ್ದು ನಿಂತಿತು. ಅದೇ ಸಮತಲ.

ಮೂರು ಆಯಾಮದಲ್ಲಿ ಬಿಂದುವಿಗೆ ಮೂರು ಕಡೆ ಓಡಾಡುವ ಸ್ವಾತಂತ್ರ್ಯ ಇದೆ. ಒಂದು ಸಮೀಕರಣ ಹಾಕಿದರೆ ಒಂದು ಸ್ವಾತಂತ್ರ್ಯ ಹೋಗುತ್ತದೆ, ಎರಡು ಉಳಿಯುತ್ತದೆ, ಅದು ಸಮತಲ. ರೇಖೆ ಬೇಕಾದರೆ ಇನ್ನೊಂದು ಸಮೀಕರಣ ಬೇಕು. ಅದಕ್ಕೇ ರೇಖೆಯ ಸಮೀಕರಣದಲ್ಲಿ ಎರಡು ಸಮ ಚಿಹ್ನೆ ಇರುತ್ತವೆ. ಅಥವಾ ಲ್ಯಾಂಬ್ಡಾ ಎಂಬ ಬದಲಾಗುವ ಅಂಕಿ ಒಂದನ್ನೇ ಇಟ್ಟುಕೊಂಡು ಬರೆಯುತ್ತೇವೆ, ಯಾಕಂದರೆ ಓಡಾಟಕ್ಕೆ ಉಳಿದದ್ದು ಒಂದೇ ದಾರಿ. ಲೆಕ್ಕ ನೋಡಿದ ತಕ್ಷಣ ಇದನ್ನು ಎಣಿಸು. ಸೂತ್ರ ಆಮೇಲೆ.

ಬೊರಿವಲಿ ಕ್ಲಾಸ್

ಮೇಷ್ಟ್ರು ಹೇಳಿದ್ದು ಸರಿ, ಆದರೆ ಪರೀಕ್ಷೆ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ನಾನು ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಎಂಎಚ್‌ಟಿ-ಸಿಇಟಿ ಗಣಿತದಲ್ಲಿ 50 ಪ್ರಶ್ನೆ, 90 ನಿಮಿಷ, ಒಂದೊಂದಕ್ಕೆ 2 ಅಂಕ. ಒಂದು ಪ್ರಶ್ನೆಗೆ ಎರಡು ನಿಮಿಷ ಕೂಡ ಸಿಗುವುದಿಲ್ಲ. ಅಲ್ಲಿ ಕೂತು ಕೋಣೆಯ ಚಿತ್ರ ಬಿಡಿಸುತ್ತಾ ಹೋದರೆ ಪೇಪರ್ ಮುಗಿಯುವುದಿಲ್ಲ. ಕನಿಷ್ಠ ದೂರದ ಸೂತ್ರ, ಸಮತಲದಿಂದ ಬಿಂದುವಿನ ದೂರ, ಕೋನದ ಸೂತ್ರ, ಇವು ಬಾಯಿಪಾಠ ಇರಲೇಬೇಕು. ಚೆನ್ನಾಗಿ ಅರ್ಥವಾಗಿದ್ದರೂ ಸೂತ್ರ ನೆನಪಾಗದೆ ಅಂಕ ಬಿಟ್ಟು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅದು ನೋವಾಗುವ ವಿಷಯ.

ವಡಾಲದ ಗಣಿತ ಮೇಷ್ಟ್ರು

ಬಾಯಿಪಾಠ ಬೇಡ ಅನ್ನುವುದಿಲ್ಲ ಸರ್. ಆದರೆ ಅದೇ ಎರಡು ನಿಮಿಷ ಉಳಿಸುವುದಕ್ಕೂ ಚಿತ್ರ ಬೇಕು. '(1, 2, 3) ಮೂಲಕ ಹೋಗುವ, ಎಕ್ಸ್-ವೈ ಸಮತಲಕ್ಕೆ ಸಮಾಂತರವಾದ ಸಮತಲ ಯಾವುದು' ಅಂತ ಕೇಳಿದರೆ ಕೋಣೆ ಗೊತ್ತಿರುವ ಮಗು ಪೆನ್ನು ಎತ್ತದೆ ಝಡ್ = 3 ಅನ್ನುತ್ತದೆ. ಸೂತ್ರ ಮಾತ್ರ ಗೊತ್ತಿರುವ ಮಗು ನಾರ್ಮಲ್ (ಸಮತಲಕ್ಕೆ ಲಂಬವಾದ ದಿಕ್ಕು) ಬರೆದು, ಡಾಟ್ ಪ್ರಾಡಕ್ಟ್ ಮಾಡಿ, ನಾಲ್ಕು ಸಾಲಿನ ನಂತರ ಅಲ್ಲಿಗೇ ಬರುತ್ತದೆ.

ದಿಕ್ ಕೊಸೈನ್‌ಗಳಲ್ಲೂ, ಅಂದರೆ ರೇಖೆ ಮೂರು ಅಕ್ಷಗಳ ಜೊತೆ ಮಾಡುವ ಕೋನಗಳ ಕೊಸೈನ್‌ಗಳಲ್ಲೂ, ಹೀಗೇ. ಒಂದು ರೇಖೆ ಎಕ್ಸ್ ಮತ್ತು ವೈ ಎರಡೂ ಅಕ್ಷಗಳ ಜೊತೆ 30 ಡಿಗ್ರಿ ಕೋನ ಮಾಡಬಹುದಾ? ಕೊಸೈನ್ ವರ್ಗಗಳ ಮೊತ್ತ 1 ಆಗಬೇಕು. ಇಲ್ಲಿ ಎರಡಕ್ಕೇ 3/4 + 3/4 ಆಗಿ ಒಂದೂವರೆ ಆಯಿತು. ಅಂಥ ರೇಖೆಯೇ ಇಲ್ಲ. ರೇಖೆಯ ಮೇಲೆ 1 ಅಡಿ ಅಳೆದು ಅದನ್ನು ಕರ್ಣವಾಗಿ ಇಟ್ಟುಕೊಂಡು ಒಂದು ಪೆಟ್ಟಿಗೆ ಕಟ್ಟು. ಪೆಟ್ಟಿಗೆಯ ಮೂರು ಬದಿಗಳೇ ಆ ಮೂರು ಕೊಸೈನ್. ಮೊತ್ತ 1 ಯಾಕೆ ಅಂತ ಇನ್ನು ಕೇಳಬೇಕಾಗಿಲ್ಲ. ಮೂರೂ ಅಕ್ಷಗಳ ಜೊತೆ ಒಂದೇ ಕೋನ ಬೇಕಾದರೆ ಒಂದೊಂದು ವರ್ಗ 1/3, ಕೋನ ಸುಮಾರು 54.7 ಡಿಗ್ರಿ. 45 ಅಂತ ಊಹಿಸುವವರು ಬಹಳ ಜನ.

ಡೊಂಬಿವಲಿ ಅಪ್ಪ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗಳೂ ಹನ್ನೆರಡನೇ ಸ್ಟೇಟ್ ಬೋರ್ಡ್. ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಸೆಕೆಂಡ್ ಪಿಯುಸಿ. ಫೋನಿನಲ್ಲಿ ಇಬ್ಬರೂ ಪಾಠ ಹೋಲಿಸಿ ನೋಡುತ್ತಿದ್ದರು. ಅವನ ಪುಸ್ತಕದಲ್ಲಿ ಸಮತಲದ ಭಾಗವೇ ಇಲ್ಲವಂತೆ. ಹಾಗಾದರೆ ಇವಳೂ ಬಿಡಬಹುದಾ? ಇದು ಮುಂದೆ ಯಾವ ಕೆಲಸಕ್ಕೆ ಬರುತ್ತದೆ ಅಂತಲೂ ತಿಳಿದವರು ಹೇಳಿದರೆ ಉಪಕಾರ.

ಬೊರಿವಲಿ ಕ್ಲಾಸ್

ಬಿಡಬೇಡಿ ಸರ್. ಕರ್ನಾಟಕದ ಪಿಯುಸಿಯಲ್ಲಿ ಇರುವುದು ಎನ್‌ಸಿಇಆರ್‌ಟಿ ಪುಸ್ತಕ. 2022-23ರ ಸುಮಾರಿಗೆ ಪಠ್ಯ ಕಡಿಮೆ ಮಾಡಿದಾಗ ಅದರ ಹನ್ನೆರಡನೇ ತರಗತಿಯಿಂದ ಸಮತಲದ ಭಾಗ ತೆಗೆದರು. ಹನ್ನೊಂದನೇ ತರಗತಿಯ ಮೂರು ಆಯಾಮದ ಪಾಠದಿಂದ ಸೆಕ್ಷನ್ ಫಾರ್ಮುಲಾ (ಎರಡು ಬಿಂದುಗಳ ನಡುವಿನ ರೇಖೆಯನ್ನು ಕೊಟ್ಟ ಅನುಪಾತದಲ್ಲಿ ಭಾಗಿಸುವ ಬಿಂದುವಿನ ಸೂತ್ರ) ಕೂಡ ಹೋಯಿತು. ನಮ್ಮ ಸ್ಟೇಟ್ ಬೋರ್ಡಿನ ಪಾಠದ ಹೆಸರೇ ಲೈನ್ ಮತ್ತು ಪ್ಲೇನ್. ಸಿಇಟಿಯಲ್ಲಿ ಸುಮಾರು 80 ಪ್ರತಿಶತ ಪ್ರಶ್ನೆ ಹನ್ನೆರಡನೇ ತರಗತಿಯಿಂದಲೇ ಬರುತ್ತವೆ. ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್ ಪಠ್ಯದಲ್ಲೂ ಸಮತಲ ಇದೆ. ನಿಮ್ಮ ಅಣ್ಣನ ಮಗ ಅಡ್ವಾನ್ಸ್ಡ್ ಬರೆಯುವುದಿದ್ದರೆ ಅವನೂ ಬೇರೆ ಕಡೆಯಿಂದ ಓದಿಕೊಳ್ಳಬೇಕಾಗುತ್ತದೆ.

ಮಡಗಾಂವ್ ಟೀಚರ್

ನಾನು ಕಾರವಾರದವಳು, ಗೋವಾದಲ್ಲಿ ಪಾಠ ಮಾಡುತ್ತೇನೆ. ಸಮತಲ ತೆಗೆದದ್ದು ನನಗೆ ಬೇಸರ. ರೇಖೆ ಇಟ್ಟು ಸಮತಲ ತೆಗೆದರೆ ಮಕ್ಕಳಿಗೆ ನಾರ್ಮಲ್ ಎಂಬ ಕಲ್ಪನೆಯೇ ಸಿಗುವುದಿಲ್ಲ. ಎಕ್ಸ್ + 2ವೈ + 2ಝಡ್ = 9 ತಗೊಳ್ಳಿ. ಇದರಲ್ಲಿ (1, 2, 2) ಎಂಬ ಗುಣಕಗಳು ಸಮತಲಕ್ಕೆ ಲಂಬವಾದ ದಿಕ್ಕು. ಮೂಲಬಿಂದುವಿನಿಂದ ಆ ದಿಕ್ಕಿಗೆ ನಡೆಯುತ್ತಾ ಹೋದರೆ (1, 2, 2) ಎಂಬ ಜಾಗದಲ್ಲೇ ಸಮತಲ ಸಿಗುತ್ತದೆ, ಯಾಕಂದರೆ 1 + 4 + 4 = 9. ಅಲ್ಲಿಗೆ ದೂರ 3. ಸೂತ್ರ ಹಾಕಿದರೂ 9 ಭಾಗಿಸು 3, ಅಂದರೆ 3. ಈ ಒಂದು ಲೆಕ್ಕ ಕೈಯಾರೆ ಮಾಡಿದ ಮಗುವಿಗೆ ಸೂತ್ರದ ಕೆಳಗಿನ ವರ್ಗಮೂಲ ಯಾಕೆ ಬಂತು ಅಂತ ತಾನಾಗಿ ಹೊಳೆಯುತ್ತದೆ.

ಕಾಗದದ ಬಗ್ಗೆ ಒಂದು ಎಚ್ಚರಿಕೆ. ಪುಸ್ತಕದ ಚಿತ್ರದಲ್ಲಿ ಎರಡು ರೇಖೆ ಒಂದನ್ನೊಂದು ದಾಟಿದಂತೆ ಕಾಣುತ್ತವೆ. ನಿಜವಾಗಿ ಒಂದು ಮೇಲಿರುತ್ತದೆ, ಒಂದು ಕೆಳಗಿರುತ್ತದೆ. ಕಾಗದ ಚಪ್ಪಟೆ, ಅದಕ್ಕೆ ಈ ವ್ಯತ್ಯಾಸ ತೋರಿಸಲು ಬರುವುದಿಲ್ಲ. ತರಗತಿಯಲ್ಲಿ ನಾನು ಹಿಡಿಸೂಡಿ ಕಡ್ಡಿ ಮತ್ತು ಥರ್ಮೊಕೋಲ್ ತರಿಸುತ್ತೇನೆ. ಫೋನ್ ಇದ್ದವರು ಜಿಯೋಜೀಬ್ರಾದ ತ್ರೀ-ಡಿ ಭಾಗ ತೆರೆದು ಸಮೀಕರಣ ಹಾಕಿ ಬೆರಳಿನಿಂದ ತಿರುಗಿಸಿ ನೋಡಿ. ಅದು ಪುಕ್ಕಟೆ ಸಿಗುತ್ತದೆ. ಒಂದು ಕಡೆಯಿಂದ ದಾಟಿದಂತೆ ಕಂಡ ರೇಖೆಗಳು ತಿರುಗಿಸಿದ ಕೂಡಲೇ ದೂರ ಸರಿಯುತ್ತವೆ. ಮಕ್ಕಳ ಮುಖ ಅರಳುವುದು ಆಗಲೇ.

ಠಾಣೆ ಹುಡುಗಿ

ಟೀಚರ್, ಮೇಷ್ಟ್ರೇ, ತುಂಬಾ ಧನ್ಯವಾದ. ಗೋಡೆ ಎದ್ದು ನಿಂತದ್ದು ಕಾಣಿಸಿತು. ಈಗ ಸ್ಕ್ಯೂ ಲೈನ್ ಹೇಳಿಕೊಡಿ.

ವಡಾಲದ ಗಣಿತ ಮೇಷ್ಟ್ರು

ಮರೋಳ್ ನಾಕಾ ಮೆಟ್ರೋ ಸ್ಟೇಷನ್ ನೋಡಿದ್ದೀಯಾ? ಅಲ್ಲಿ ವರ್ಸೋವಾ-ಘಾಟ್‌ಕೋಪರ್ ಮೆಟ್ರೋ ಕಂಬಗಳ ಮೇಲೆ ಹೋಗುತ್ತದೆ. ಆರೆ ಕಡೆಯಿಂದ ಬರುವ ಮೆಟ್ರೋ 3 ನೆಲದ ಅಡಿಯಲ್ಲಿ ಹೋಗುತ್ತದೆ. ಎರಡೂ ಸಮಾಂತರ ಅಲ್ಲ, ಆದರೆ ಎಂದೂ ಸೇರುವುದಿಲ್ಲ. ಇವೇ ಸ್ಕ್ಯೂ ಲೈನ್. ಕಾಗದದ ಮೇಲೆ, ಅಂದರೆ ಎರಡು ಆಯಾಮದಲ್ಲಿ, ಹೀಗೆ ಆಗಲು ಸಾಧ್ಯವೇ ಇಲ್ಲ. ಮೂರನೇ ಆಯಾಮ ಬಂದ ಮೇಲೆ ಹುಟ್ಟಿದ ಹೊಸ ಸಂಗತಿ ಇದು.

ಲೆಕ್ಕ ಸರಳವಾಗಲಿ ಅಂತ ಅಂಕಿಗಳನ್ನು ನಾನೇ ಇಡುತ್ತೇನೆ. ಮೇಲಿನ ಹಳಿ ನೆಲದಿಂದ 10 ಮೀಟರ್ ಎತ್ತರ, ನೇರ ಪೂರ್ವ-ಪಶ್ಚಿಮ. ಕೆಳಗಿನದು 20 ಮೀಟರ್ ಆಳ, ನೇರ ಉತ್ತರ-ದಕ್ಷಿಣ. ಮೇಲಿನ ರೈಲು ಇರುವ ಜಾಗ (ಟಿ, 0, 10). ಕೆಳಗಿನದು (0, ಎಸ್, -20). ನಡುವಿನ ದೂರದ ವರ್ಗ: ಟಿ ವರ್ಗ + ಎಸ್ ವರ್ಗ + 900. ಇದು ಯಾವಾಗ ಅತಿ ಕಡಿಮೆ? ಟಿ, ಎಸ್ ಎರಡೂ ಸೊನ್ನೆ ಆದಾಗ. ದೂರ 30 ಮೀಟರ್.

ಆ 30 ಮೀಟರ್ ಯಾವ ದಿಕ್ಕಿನಲ್ಲಿದೆ ಗಮನಿಸು. ನೇರ ಮೇಲೆ-ಕೆಳಗೆ. ಅದು ಪೂರ್ವ-ಪಶ್ಚಿಮಕ್ಕೂ ಲಂಬ, ಉತ್ತರ-ದಕ್ಷಿಣಕ್ಕೂ ಲಂಬ. ಯಾವ ಎರಡು ಸ್ಕ್ಯೂ ರೇಖೆ ಆದರೂ ಅತಿ ಗಿಡ್ಡ ದಾರ ಎರಡಕ್ಕೂ ಲಂಬವಾಗಿಯೇ ಇರುತ್ತದೆ. ಒಂದಕ್ಕೆ ಸ್ವಲ್ಪ ಓರೆ ಇದ್ದರೂ ತುದಿಯನ್ನು ಆ ರೇಖೆಯ ಮೇಲೆ ಜರುಗಿಸಿ ದಾರವನ್ನು ಇನ್ನೂ ಗಿಡ್ಡ ಮಾಡಬಹುದು. ಎರಡು ದಿಕ್ಕಿಗೂ ಲಂಬವಾದ ದಿಕ್ಕನ್ನು ಕೊಡುವುದು ಯಾವುದು? ಕ್ರಾಸ್ ಪ್ರಾಡಕ್ಟ್. ನಿನ್ನ ಮೂರನೇ ಪ್ರಶ್ನೆಗೆ ಉತ್ತರ ಇದು. ಒಂದು ರೇಖೆಯ ಯಾವುದಾದರೂ ಬಿಂದುವಿನಿಂದ ಇನ್ನೊಂದರ ಯಾವುದಾದರೂ ಬಿಂದುವಿಗೆ ಹೋಗು. ಆ ದಾರಿಯಲ್ಲಿ ಲಂಬ ದಿಕ್ಕಿನ ಪಾಲು ಎಷ್ಟು ಅಂತ ಡಾಟ್ ಪ್ರಾಡಕ್ಟಿನಿಂದ ತೆಗೆ. ಸೂತ್ರ ಪೂರ್ತಿ ಆಯಿತು.

ಹಾಂ, ವಕ್ರರೇಖೆಗಳನ್ನು ಮೂರು ಆಯಾಮದ ನಿರ್ದೇಶಾಂಕಗಳಲ್ಲಿ ಕ್ರಮವಾಗಿ ಅಧ್ಯಯನ ಮಾಡಿ 1731ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಕ್ಲೆರೊಗೆ ಆಗ 18 ವರ್ಷ. ಹೆಚ್ಚು ಕಡಿಮೆ ನಿನ್ನದೇ ವಯಸ್ಸು.

ಭೋಸರಿ ಟೂಲ್‌ರೂಮ್

ಡೊಂಬಿವಲಿ ಸರ್ ಕೇಳಿದ ಪ್ರಶ್ನೆಗೆ ನಾನು ಹೇಳುತ್ತೇನೆ. ಬೆಳಗಾವಿ ಕಡೆಯವನು, ಪುಣೆಯ ಭೋಸರಿಯಲ್ಲಿ ಟೂಲ್‌ರೂಮ್ ಕೆಲಸ. ನಮಗೆ ಎಕ್ಸ್, ವೈ, ಝಡ್ ಇಲ್ಲದೆ ದಿನ ಶುರುವಾಗುವುದಿಲ್ಲ. ಸಿಎನ್‌ಸಿ ಮಿಲ್ಲಿಂಗ್ ಮಷಿನ್ನಿನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರದಲ್ಲಿ, ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್ ಇರುವ ದಿಕ್ಕೇ ಝಡ್. ಟೂಲ್ ಜಾಬಿನಿಂದ, ಅಂದರೆ ಕೊರೆಯಬೇಕಾದ ತುಂಡಿನಿಂದ, ದೂರ ಹೋದರೆ ಝಡ್ ಪ್ಲಸ್. ಮಷಿನ್ನಿಗೆ ಅದರದೇ ಮೂಲಬಿಂದು ಇರುತ್ತದೆ. ನಾವು ಜಾಬಿನ ಒಂದು ಮೂಲೆಯನ್ನು ಮುಟ್ಟಿಸಿ ಜಿ54ಕ್ಕೆ, ಅಂದರೆ ಜಾಬಿನ ಮೂಲಬಿಂದುವನ್ನು ಮಷಿನ್ ನೆನಪಿಡುವ ಜಾಗಕ್ಕೆ, ಹಾಕುತ್ತೇವೆ. ಅಲ್ಲಿಂದ ಮುಂದೆ ಆ ಮೂಲೆಯೇ (0, 0, 0). ಮೂಲಬಿಂದು ಬದಲಿಸುವುದು ಅಂತ ಪುಸ್ತಕದಲ್ಲಿ ಇರುತ್ತದಲ್ಲ, ಅದೇ.

ಸ್ಕ್ಯೂ ಲೈನ್ ನಮಗೆ ಎಲ್ಲಿ ಬರುತ್ತದೆ ಅಂದರೆ ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕಿನಲ್ಲಿ. ಒಂದು ಉಕ್ಕಿನ ಅಥವಾ ಅಲ್ಯುಮಿನಿಯಂ ಬ್ಲಾಕು. ಅದರ ಬೇರೆ ಬೇರೆ ಮುಖಗಳಿಂದ ಎಣ್ಣೆ ಹೋಗಲು ತೂತು ಕೊರೆಯುತ್ತೇವೆ. ಕೆಲವು ತೂತು ಒಳಗೆ ಒಂದನ್ನೊಂದು ಸೇರಬೇಕು. ಕೆಲವು ಎಂದೂ ಸೇರಬಾರದು. ಸೇರಬಾರದ ಎರಡು ತೂತುಗಳ ಮಧ್ಯರೇಖೆಗಳು ಸ್ಕ್ಯೂ ಲೈನ್. ಅವುಗಳ ಕನಿಷ್ಠ ದೂರ 12 ಮಿಲಿಮೀಟರ್, ಒಂದು ತೂತಿನ ವ್ಯಾಸ 8, ಇನ್ನೊಂದರದು 10 ಅಂದುಕೊಳ್ಳಿ. ನಡುವೆ ಉಳಿಯುವ ಲೋಹ 12 - 4 - 5, ಅಂದರೆ 3 ಮಿಲಿಮೀಟರ್. ಒಳಗೆ ಎಣ್ಣೆಯ ಒತ್ತಡ ಜಾಸ್ತಿ ಇರುತ್ತದೆ. ಆ ಗೋಡೆ ತಡೆಯಬೇಕು. ಈ ಲೆಕ್ಕ ತಪ್ಪಿದರೆ ಪೂರ್ತಿ ಬ್ಲಾಕು ಗುಜರಿಗೆ ಹೋಗುತ್ತದೆ.

ಅಳೆಯುವ ಸಿಎಂಎಂ ಮಷಿನ್ನಿನಲ್ಲೂ ಮೇಷ್ಟ್ರ ಸ್ವಾತಂತ್ರ್ಯದ ಮಾತೇ. ಸಮತಲ ಹಿಡಿಯಲು ಪ್ರೋಬಿನಿಂದ ಕನಿಷ್ಠ ಮೂರು ಕಡೆ ಮುಟ್ಟಬೇಕು, ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಗೋಳಕ್ಕೆ ನಾಲ್ಕು ಕಡೆ.

ಬೊರಿವಲಿ ಸರ್ ಹೇಳುವ ಸೂತ್ರದ ಬಗ್ಗೆ ಒಂದು ಮಾತು. ಅದು ದೂರ ಎಷ್ಟು ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ನಮಗೆ ಎಲ್ಲಿ ಅನ್ನುವುದೂ ಬೇಕು. ರೇಖೆಗೆ ಕೊನೆ ಇಲ್ಲ, ತೂತಿಗೆ ಕೊನೆ ಇದೆ.

ಬೊರಿವಲಿ ಕ್ಲಾಸ್

ಇದು ನನಗೆ ಬಹಳ ಹಿಡಿಸಿತು. ಮಕ್ಕಳಿಗೆ ಹೇಳುತ್ತೇನೆ. ತಂಗಿ, ಹಾಗಾದರೆ ಒಂದು ಲೆಕ್ಕ ಎರಡೂ ದಾರಿಯಿಂದ ಮಾಡಿ ತೋರಿಸು. ಮೊದಲ ರೇಖೆ (1, 0, 2) ಮೂಲಕ, ದಿಕ್ಕು (1, 1, 0). ಎರಡನೆಯದು (0, 3, 0) ಮೂಲಕ, ದಿಕ್ಕು (0, 1, 1).

ಠಾಣೆ ಹುಡುಗಿ

ಮೊದಲು ಸೇರುತ್ತವಾ ಅಂತ ನೋಡಿದೆ. ಒಂದರ ಮೇಲಿನ ಬಿಂದು (1 + ಟಿ, ಟಿ, 2). ಇನ್ನೊಂದರದು (0, 3 + ಎಸ್, ಎಸ್). ಎಕ್ಸ್ ಹೊಂದಬೇಕಾದರೆ ಟಿ = -1. ಝಡ್ ಹೊಂದಬೇಕಾದರೆ ಎಸ್ = 2. ಆಗ ವೈ ಒಂದು ಕಡೆ -1, ಇನ್ನೊಂದು ಕಡೆ 5. ಸೇರುವುದಿಲ್ಲ, ದಿಕ್ಕೂ ಬೇರೆ. ಸ್ಕ್ಯೂ.

ಸೂತ್ರದಿಂದ: ಕ್ರಾಸ್ ಪ್ರಾಡಕ್ಟ್ (1, -1, 1), ಅದರ ಉದ್ದ ವರ್ಗಮೂಲ 3. ಬಿಂದುಗಳ ವ್ಯತ್ಯಾಸ (-1, 3, -2). ಡಾಟ್ ಪ್ರಾಡಕ್ಟ್ -1 - 3 - 2 = -6. ದೂರ 6 ಭಾಗಿಸು ವರ್ಗಮೂಲ 3, ಅಂದರೆ 2 ವರ್ಗಮೂಲ 3, ಸುಮಾರು 3.46.

ಇನ್ನೊಂದು ದಾರಿ: ಜೋಡಿಸುವ ದಾರ (-1 - ಟಿ, 3 + ಎಸ್ - ಟಿ, ಎಸ್ - 2). ಮೊದಲ ದಿಕ್ಕಿಗೆ ಲಂಬ ಅಂದರೆ 2 - 2ಟಿ + ಎಸ್ = 0. ಎರಡನೆಯದಕ್ಕೆ ಲಂಬ ಅಂದರೆ 1 + 2ಎಸ್ - ಟಿ = 0. ಬಿಡಿಸಿದರೆ ಟಿ = 1, ಎಸ್ = 0. ಬಿಂದುಗಳು (2, 1, 2) ಮತ್ತು (0, 3, 0). ದೂರ ವರ್ಗಮೂಲ 12. ಅದೇ ಉತ್ತರ ಬಂತು! ಈ ಸಲ ದಾರ ಎಲ್ಲಿದೆ ಅಂತಲೂ ಗೊತ್ತಾಯಿತು.

ಭೋಸರಿ ಟೂಲ್‌ರೂಮ್

ಶಾಬಾಸ್ ತಂಗಿ. ಇನ್ನೊಂದು ಹೆಜ್ಜೆ ಹೋಗೋಣ. ಮೊದಲ ರೇಖೆ ನಿಜವಾಗಿ ತೂತು. ಅದು (1, 0, 2)ರಿಂದ ಶುರುವಾಗಿ ಟಿ = 0.5ಕ್ಕೇ ನಿಲ್ಲುತ್ತದೆ. ಎರಡನೆಯದು ಎರಡೂ ಕಡೆ ಉದ್ದಕ್ಕಿದೆ. ಈಗ ಮಧ್ಯರೇಖೆಗಳ ಕನಿಷ್ಠ ದೂರ ಎಷ್ಟು?

ಠಾಣೆ ಹುಡುಗಿ

ಟಿ = 1 ಸಿಗುವುದೇ ಇಲ್ಲ, ಹಾಗಾಗಿ ತೂತಿನ ತುದಿಯೇ ಹತ್ತಿರದ ಬಿಂದು: (1.5, 0.5, 2). ಅಲ್ಲಿಂದ ಎರಡನೇ ರೇಖೆಗೆ ಲಂಬ ಎಳೆದರೆ 0.5 + 2ಎಸ್ = 0, ಎಸ್ = -0.25. ದಾರ (-1.5, 2.25, -2.25). ವರ್ಗಗಳ ಮೊತ್ತ 12.375. ದೂರ ಸುಮಾರು 3.52. ಸೂತ್ರದ ಉತ್ತರಕ್ಕಿಂತ ಸ್ವಲ್ಪ ಜಾಸ್ತಿ. ಸರಿನಾ ಅಣ್ಣ?

ಭೋಸರಿ ಟೂಲ್‌ರೂಮ್

ಪೂರ್ತಿ ಸರಿ. ಶಾಪಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಡ್ರಿಲ್ಲಿನ ತುದಿ ಚಪ್ಪಟೆ ಇರುವುದಿಲ್ಲ. ಸಾಮಾನ್ಯ ಡ್ರಿಲ್ಲಿಗೆ 118 ಡಿಗ್ರಿಯ ಮೊನೆ ಇರುತ್ತದೆ. ಡ್ರಾಯಿಂಗಿನಲ್ಲಿ ಕೊಟ್ಟ ಆಳದ ಆಚೆಗೂ ಅದು ಸ್ವಲ್ಪ ಕೊರೆಯುತ್ತದೆ. 8 ಮಿಲಿಮೀಟರ್ ಡ್ರಿಲ್ಲಿನ ಮೊನೆ ಎಷ್ಟು ಉದ್ದ ಅಂತ ತ್ರಿಕೋನಮಿತಿಯಿಂದ ನೀನೇ ತೆಗೆದು ನೋಡು. ಮೊನೆಯ ಅರ್ಧ ಕೋನ 59 ಡಿಗ್ರಿ, ತ್ರಿಜ್ಯ 4.

ಠಾಣೆ ಹುಡುಗಿ

4 ಭಾಗಿಸು ಟ್ಯಾನ್ 59, ಸುಮಾರು 2.4 ಮಿಲಿಮೀಟರ್.